ಎರಡನೇ ಆಯ್ಕೆಗೆ ನನ್ನ ವೋಟು ಡ್ರೇಕ್ ಮೇಗೆ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ವರ್ಜೀನಿಯಾದ ಆಶ್‌ಬರ್ನ್. ಆ ಬೇಲಿಯ ಆಚೆ ಇರುವುದು ವಾಷಿಂಗ್ಟನ್ ಕಮಾಂಡರ್ಸ್ ತಂಡದ ಪ್ರಾಕ್ಟೀಸ್ ಜಾಗ. ನಮ್ಮನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಸದ್ಯಕ್ಕೆ ಬೇಲಿಯನ್ನೇ ನೋಡಿ. ಬರುವ ಗುರುವಾರ, ಏಪ್ರಿಲ್ 25ಕ್ಕೆ, ಡೆಟ್ರಾಯ್ಟ್‌ನಲ್ಲಿ 2024ರ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮ. ಎರಡನೇ ಆಯ್ಕೆ ನಮ್ಮವರದು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬೇಕು ಅನ್ನುವುದರಲ್ಲಿ ಈ ಊರಿನಲ್ಲಿ ಯಾರಿಗೂ ಅನುಮಾನ ಇಲ್ಲ. ಯಾರು ಅನ್ನುವುದೇ ಜಗಳ.

ಊರಿನಿಂದ ನೋಡುತ್ತಿರುವವರಿಗೆ ಒಂದು ಮಾತು. ಇದು ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಜಾಸ್ತಿ ದುಡ್ಡು ಕೂಗಿ ಆಟಗಾರನನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ನಮ್ಮವರು 17 ಪಂದ್ಯದಲ್ಲಿ 4 ಗೆದ್ದರು. ಅದಕ್ಕೇ ಈ ಭಾಗ್ಯ.

ಮೊದಲ ಆಯ್ಕೆ ಶಿಕಾಗೋ ಬೇರ್ಸ್‌ನದು. ಅವರು ಕೇಲಬ್ ವಿಲಿಯಮ್ಸ್‌ನನ್ನು ತೆಗೆದುಕೊಳ್ಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಹುಡುಗ ಹೈಸ್ಕೂಲ್ ಆಡಿದ್ದು ಇಲ್ಲೇ, ವಾಷಿಂಗ್ಟನ್ ನಗರದ ಗೊನ್ಜಾಗಾದಲ್ಲಿ. ಹೊಟ್ಟೆ ಉರಿಯುತ್ತದೆ, ಬಿಡಿ.

ಉಳಿದವರು ಮೂವರು. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಜೇಡನ್ ಡೇನಿಯಲ್ಸ್, ನಾರ್ತ್ ಕ್ಯಾರೊಲೈನಾದ ಡ್ರೇಕ್ ಮೇ, ಮಿಷಿಗನ್‌ನ ಜೆ.ಜೆ. ಮೆಕಾರ್ಥಿ. ಮೆಕಾರ್ಥಿ ವಿಷಯ ಬೇಗ ಮುಗಿಸಿಬಿಡೋಣ. ಆಡಿಸಿದ 28 ಪಂದ್ಯದಲ್ಲಿ 27 ಗೆದ್ದಿದ್ದಾನೆ, ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಕೂಡ ಆದ. ಆದರೆ ಆ ಫೈನಲ್‌ನಲ್ಲಿ ಅವನು ಎಸೆದದ್ದು ಬರೀ 18 ಪಾಸು. ನವೆಂಬರ್‌ನಲ್ಲಿ ಪೆನ್ ಸ್ಟೇಟ್ ಮೇಲೆ ಇಡೀ ಎರಡನೇ ಅರ್ಧ ಚೆಂಡು ಹಿಡಿದು ಓಡಿಯೇ ಗೆದ್ದರು, ಲೆಕ್ಕಕ್ಕೆ ಒಂದೂ ಪಾಸ್ ಇಲ್ಲ. ಒಳ್ಳೆಯ ಹುಡುಗನೇ ಇರಬಹುದು. ಎರಡನೇ ಆಯ್ಕೆಗೆ ಅಷ್ಟು ಸಾಲದು.

ಈಗ ನಮ್ಮ ಭಾವನ ಪಾರ್ಟಿ. ತಂಡಕ್ಕೆ ಹಳೇ ಹೆಸರಿದ್ದ ಕಾಲದಿಂದಲೂ ಅವರು ನೋಡುತ್ತಾ ಬಂದವರು, ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಟಿವಿ ರಿಮೋಟ್ ಮುಟ್ಟುವ ಹಾಗಿಲ್ಲ. ಅವರಿಗೆ ಡೇನಿಯಲ್ಸೇ ಬೇಕು. "ಕಣ್ಣೆದುರಿಗೆ ಅಂಕಿ ಇದೆ, ಇನ್ನೇನು ಬೇಕು ಕಣಯ್ಯಾ ನಿನಗೆ?" ಅನ್ನುತ್ತಾರೆ. ಅಂಕಿ ಸುಳ್ಳಲ್ಲ. ಕಳೆದ ಸೀಸನ್‌ನಲ್ಲಿ ಅಂಕ ತಂದ ಎಸೆತ, ಅಂದರೆ ಟಚ್‌ಡೌನ್ ಪಾಸು, 40, ಎದುರಾಳಿ ಕೈಗೆ ಕೊಟ್ಟದ್ದು ನಾಲ್ಕೇ ನಾಲ್ಕು. ಅದರ ಮೇಲೆ 1,134 ಯಾರ್ಡ್ ಓಟ. ಫ್ಲೋರಿಡಾ ವಿರುದ್ಧ ಒಂದೇ ರಾತ್ರಿ 372 ಯಾರ್ಡ್ ಎಸೆದು 234 ಯಾರ್ಡ್ ಓಡಿದ. ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಒಂದೇ ಪಂದ್ಯದಲ್ಲಿ 350 ಯಾರ್ಡ್ ಎಸೆತ, 200 ಯಾರ್ಡ್ ಓಟ ಅದುವರೆಗೆ ಯಾರೂ ಮಾಡಿರಲಿಲ್ಲ. ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯೂ ಅವನಿಗೇ ಬಂತು.

ಆದರೂ ನನಗೆ ಡ್ರೇಕ್ ಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಹಿಂದಕ್ಕೆ ಹೋಗಬೇಕು.

2012. ಇದೇ ತಂಡ, ಇದೇ ಎರಡನೇ ಆಯ್ಕೆ. ಅದಕ್ಕಾಗಿ ಆಗ ಮೂರು ಮೊದಲ ಸುತ್ತಿನ ಆಯ್ಕೆ, ಒಂದು ಎರಡನೇ ಸುತ್ತಿನದು, ಎಲ್ಲವನ್ನೂ ರ‍್ಯಾಮ್ಸ್‌ಗೆ ಸುರಿದು ತಂದದ್ದು ರಾಬರ್ಟ್ ಗ್ರಿಫಿನ್ ಎಂಬ ಹುಡುಗನನ್ನು. ಅವನೂ ಹೈಸ್‌ಮನ್ ಗೆದ್ದವನು, ಅವನೂ ಜಿಂಕೆ ಓಟದವನು. ಮೊದಲ ವರ್ಷವೇ ನಮ್ಮ ಗುಂಪನ್ನು, ಅಂದರೆ ಡಿವಿಷನ್, ಗೆದ್ದುಕೊಟ್ಟ, ವರ್ಷದ ಹೊಸ ಆಟಗಾರ ಅಂತ ಪ್ರಶಸ್ತಿಯೂ ಬಂತು, ಊರಿನ ತುಂಬ ಅವನದೇ ಜೆರ್ಸಿ. 2013ರ ಜನವರಿಯಲ್ಲಿ ಸಿಯಾಟಲ್ ವಿರುದ್ಧ ಪ್ಲೇಆಫ್, ಮೊದಲೇ ನೋವಿದ್ದ ಮೊಣಕಾಲು ಅಲ್ಲೇ ಕೈಕೊಟ್ಟಿತು. ಆಮೇಲೆ ಆ ಹಳೇ ಗ್ರಿಫಿನ್ ವಾಪಸ್ ಬರಲೇ ಇಲ್ಲ. ಭಾವನಿಗೆ ಇದನ್ನು ನೆನಪಿಸಿದರೆ ಅವರು ಎದ್ದು ಕಾಫಿ ಮಾಡಲು ಹೋಗುತ್ತಾರೆ.

ಡೇನಿಯಲ್ಸ್ ಅಂದರೆ ಗ್ರಿಫಿನ್ ಅಂತ ನಾನು ಹೇಳುತ್ತಿಲ್ಲ. ಅವನು ಕಾಲೇಜಿನಲ್ಲಿ 55 ಪಂದ್ಯ ಶುರುವಿನಿಂದ ಆಡಿದವನು, ದೂರದ ಚೆಂಡನ್ನು ಬಹಳ ಚೆಂದ ಎಸೆಯುತ್ತಾನೆ. ಆದರೆ ಮೈ ಸಣ್ಣ, ಎತ್ತರ ಆರಡಿ ನಾಲ್ಕಿಂಚು ಇದ್ದರೂ ತೂಕ 210 ಪೌಂಡ್ ಆಸುಪಾಸು, ಮತ್ತು ಓಡಿದ ಮೇಲೆ ಬೀಳುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ಅಲಬಾಮಾ ಪಂದ್ಯದಲ್ಲಿ ಪೆಟ್ಟು ತಿಂದು ಹೊರಗೆ ಹೋಗಬೇಕಾಯಿತು. ಇನ್ನೊಂದು, ಅವನ ಚೆಂಡು ಹಿಡಿಯುತ್ತಿದ್ದವರು ಮಲಿಕ್ ನೇಬರ್ಸ್, ಬ್ರಯಾನ್ ಥಾಮಸ್. ಅವರಿಬ್ಬರೂ ಈ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿಗೇ ಹೋಗುವ ಅಂದಾಜಿದೆ. ಅಂಥವರಿದ್ದರೆ ಅಂಕಿ ಬರುತ್ತದೆ, ಅಲ್ವಾ?

ಡ್ರೇಕ್‌ಗೆ 21 ವರ್ಷ, ಡೇನಿಯಲ್ಸ್‌ಗಿಂತ ಚಿಕ್ಕವನು. ತೂಕ 223 ಪೌಂಡ್. 2022ರಲ್ಲಿ 38 ಟಚ್‌ಡೌನ್ ಎಸೆದ. 2023ರಲ್ಲಿ ಅದು 24ಕ್ಕೆ ಇಳಿಯಿತು, ಎದುರಾಳಿಗೆ ಕೊಟ್ಟ ಚೆಂಡು ಏಳರಿಂದ ಒಂಬತ್ತಕ್ಕೆ ಏರಿತು. ಭಾವ ಹಿಡಿದುಕೊಂಡಿರುವುದು ಇದನ್ನೇ. ಆದರೆ ಆ ನಡುವೆ ಅವನ ಆಟ ರೂಪಿಸುತ್ತಿದ್ದ ಕೋಚ್ ಬೇರೆ ಕಡೆ ಹೋದರು, ಅವನ ಚೆಂಡು ಹಿಡಿಯುತ್ತಿದ್ದ ಒಳ್ಳೆಯ ರಿಸೀವರ್ ಜಾಷ್ ಡೌನ್ಸ್ ಎನ್‌ಎಫ್‌ಎಲ್‌ಗೆ ಹೋದ. ಕಾಲು ಸರಿಯಾಗಿ ಇಡದೆ ಎಸೆಯುವ ಚಾಳಿ ಇದೆ, ಅದು ನಿಜ. ಆದರೆ ಪಿಟ್ಸ್‌ಬರ್ಗ್ ವಿರುದ್ಧ ಬಲಗೈಗೆ ಜಾಗ ಸಿಗದಿದ್ದಾಗ ಎಡಗೈಯಲ್ಲೇ ಟಚ್‌ಡೌನ್ ಎಸೆದದ್ದನ್ನು ನೋಡಿ. ಸುಮ್ನೆ ಒಮ್ಮೆ ನೋಡಿ. ಕಾಲು ಇಡುವುದನ್ನು ಕೋಚ್ ಕಲಿಸಬಹುದು. ಈ ಬುದ್ಧಿಯನ್ನು ಕಲಿಸಲು ಆಗುವುದಿಲ್ಲ.

ಮೊನ್ನೆ ತಂಡದವರು ಸುಮಾರು 20 ಹುಡುಗರನ್ನು ಒಟ್ಟಿಗೇ ಕರೆಸಿ ಟಾಪ್‌ಗಾಲ್ಫ್ ಅನ್ನುವ ಗಾಲ್ಫ್ ಆಟದ ಜಾಗಕ್ಕೆ ಕರೆದುಕೊಂಡು ಹೋದರು. ಡೇನಿಯಲ್ಸ್ ಕಡೆಯವರಿಗೆ ಇದು ಹಿಡಿಸಲಿಲ್ಲ ಅಂತ ಸುದ್ದಿಯೋ ಸುದ್ದಿ. ಗಾಲ್ಫ್ ಆಡಿಸಿ ಕ್ವಾರ್ಟರ್‌ಬ್ಯಾಕ್ ಆರಿಸುವುದು ನನಗೂ ಅರ್ಥವಾಗಲಿಲ್ಲ, ಆದರೆ ಹೊಸ ಜನರಲ್ ಮ್ಯಾನೇಜರ್ ಆಡಮ್ ಪೀಟರ್ಸ್ ತಲೆಯಲ್ಲಿ ಏನಿದೆಯೋ.

ಇಷ್ಟೆಲ್ಲ ಹೇಳಿದರೂ ನನಗೆ ನಿಜವಾದ ಭಯ ಬೇರೆಯೇ. ಕಳೆದ ವರ್ಷ ನಮ್ಮ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಹೌವೆಲ್. ಚೆಂಡು ಎಸೆಯುವ ಮೊದಲೇ ಅವನನ್ನು 65 ಸಲ ಕೆಡವಿದರು, ಲೀಗ್‌ನಲ್ಲೇ ಜಾಸ್ತಿ. ತಪ್ಪು ಪೂರ್ತಿ ಅವನನ್ನು ಕಾಯುವ ಲೈನಿನದಲ್ಲ, ಅವನೂ ಚೆಂಡನ್ನು ಬಹಳ ಹೊತ್ತು ಹಿಡಿದುಕೊಳ್ಳುತ್ತಿದ್ದ. ಈಗ ಅವನು ಸಿಯಾಟಲ್‌ನಲ್ಲಿದ್ದಾನೆ. ಎಡ ಟ್ಯಾಕಲ್ ಆಗಿ ಎಡಗಡೆ ಕಾವಲಿದ್ದ ಚಾರ್ಲ್ಸ್ ಲೀನೋನನ್ನೂ ಮಾರ್ಚ್‌ನಲ್ಲಿ ಕಳಿಸಿದರು. ಅಂದರೆ ಹೊಸ ಹುಡುಗನ ಬೆನ್ನು ಕಾಯುವ ಜಾಗವೇ ಖಾಲಿ. ಈ ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದದ್ದು ಮೂರು ಸಲ, ಮೂರು ಸಲವೂ ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್: ಥೈಸ್‌ಮನ್, ಡಗ್ ವಿಲಿಯಮ್ಸ್, ರಿಪಿಯನ್. ಬದಲಾಗದೆ ಇದ್ದದ್ದು ಕೋಚ್ ಜೋ ಗಿಬ್ಸ್, ಮತ್ತು 'ಹಾಗ್ಸ್' ಅಂತ ಇಡೀ ದೇಶಕ್ಕೆ ಹೆಸರಾದ ಆ ದಪ್ಪ ದಪ್ಪ ಲೈನ್‌ಮನ್‌ಗಳು. ಕೊನೆಯದು 1992ರ ಜನವರಿಯಲ್ಲಿ. ಆಮೇಲೆ ಫೈನಲ್ ಮುಖ ನೋಡಿಲ್ಲ.

ಈ ಸಲ ಗುರುವಾರದ ಹೆಸರಿಗಿಂತ ಶುಕ್ರವಾರ ಎರಡನೇ ಸುತ್ತಿನಲ್ಲಿ ಬರುವ ಎರಡು ಹೆಸರು ನನಗೆ ಮುಖ್ಯ. ನಮ್ಮ ಕೈಯಲ್ಲಿ 36 ಮತ್ತು 40ನೇ ಆಯ್ಕೆಗಳಿವೆ. ಅದರಲ್ಲಿ ಒಂದಾದರೂ ಎಡ ಟ್ಯಾಕಲ್‌ಗೆ ಹೋಗಲೇಬೇಕು. ಹೋದರೆ ಡೇನಿಯಲ್ಸ್ ಬಂದರೂ ನಾನು ಭಾವನ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ. ಹೋಗದಿದ್ದರೆ ಶನಿವಾರ ಇನ್ನೊಂದು ವಿಡಿಯೋ ಬರುತ್ತದೆ, ಹೆಡ್‌ಫೋನ್ ಹಾಕಿದ್ದರೆ ಸೌಂಡ್ ಕಡಿಮೆ ಇಟ್ಟುಕೊಂಡು ಕೇಳಿ.