ಪ್ರಾಸವಿಲ್ಲದ ಮಳೆ

ಕೇಳುಗರಿಗೆ ನಮಸ್ಕಾರ.

1916ರ ಜನವರಿ 7ರಂದು, ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಹೇರ್ ಹಾಲ್ ಸೈನಿಕ ಶಿಬಿರದಲ್ಲಿದ್ದಾಗ, ಮೊದಲ ಮಹಾಯುದ್ಧದ ನಡುವೆ, ಇಂಗ್ಲಿಷ್ ಕವಿ ಎಡ್ವರ್ಡ್ ಥಾಮಸ್ 18 ಸಾಲಿನ ಒಂದು ಕವಿತೆ ಬರೆದರು. ಅದರ ಹೆಸರು ‘ರೇನ್’, ಎಂದರೆ ಮಳೆ. ಆಗ ಅವರಿಗೆ 37 ವರ್ಷ. ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು. ಕಡ್ಡಾಯವಾಗಿ ಸೈನ್ಯ ಸೇರಬೇಕೆಂಬ ಕಾನೂನು ಇನ್ನೂ ಬಂದಿರದಿದ್ದ 1915ರ ಜುಲೈಯಲ್ಲೇ ಅವರು ತಾವಾಗಿ ಸೇರಿ, ಶಿಬಿರದಲ್ಲಿ ಇತರರಿಗೆ ನಕ್ಷೆ ಓದುವುದನ್ನು ಕಲಿಸುತ್ತಿದ್ದರು. ಗದ್ಯ ಬರೆದು ಸಂಸಾರ ತೂಗಿಸುತ್ತಿದ್ದ ಅವರು ಕವಿತೆಗೆ ಕೈಹಾಕಿ ಒಂದು ವರ್ಷವಷ್ಟೇ ಕಳೆದಿತ್ತು. 1917ರ ಏಪ್ರಿಲ್ 9ರಂದು, ಫ್ರಾನ್ಸಿನ ಅರಾಸ್ ಕದನದ ಮೊದಲ ದಿನವೇ ಅವರು ಮಡಿದರು.

ಈ ಕವಿತೆಯಲ್ಲಿ ಯುದ್ಧವೆಂಬ ಮಾತಿಲ್ಲ, ಬಂದೂಕಿಲ್ಲ, ಸೈನಿಕನೆಂಬ ಹೆಸರೂ ಇಲ್ಲ. ನಡುರಾತ್ರಿ, ಬಿಕೋ ಎನ್ನುವ ಒಂದು ಬಿಡಾರ, ಒಳಗೆ ನಿದ್ದೆ ಬಾರದ ಒಬ್ಬ ಮನುಷ್ಯ, ಮೇಲೆ ಮಳೆ, ಇಷ್ಟೇ. ಯುದ್ಧವನ್ನು ಇಲ್ಲಿ ಹೇಳುವುದು ಪದಗಳ ಮರುಕಳಿಕೆ ಎಂದು ನಾನು ನಂಬಿದ್ದೇನೆ.

ಬಂಧ ನಮ್ಮ ಸರಳ ರಗಳೆಗೆ ಹತ್ತಿರದ್ದು. ಸಾಲಿಗೆ ಸರಿಸುಮಾರು ಹತ್ತು ಉಚ್ಚಾರಾಂಶ, ಅವುಗಳಲ್ಲಿ ಐದರ ಮೇಲೆ ಒತ್ತು; ಅಂತ್ಯಪ್ರಾಸವಿಲ್ಲ. ನಾವು ಮಾತ್ರೆ ಎಣಿಸುವ ಕಡೆ ಇಂಗ್ಲಿಷಿನವರು ಒತ್ತು ಎಣಿಸುತ್ತಾರೆ. ಮೊದಲ ಸಾಲನ್ನೇ ಕೇಳಿ: ‘ರೇನ್, ಮಿಡ್‌ನೈಟ್ ರೇನ್, ನಥಿಂಗ್ ಬಟ್ ದ ವೈಲ್ಡ್ ರೇನ್’, ಎಂದರೆ ಮಳೆ, ನಡುರಾತ್ರಿಯ ಮಳೆ, ಹುಚ್ಚು ಮಳೆಯಲ್ಲದೆ ಬೇರೇನೂ ಇಲ್ಲ. ‘ಬಟ್ ದ’ ಎಂಬ ಎರಡು ಹಗುರ ಅಂಶಗಳು ತೇಲಿಹೋದ ಬೆನ್ನಿಗೇ ‘ವೈಲ್ಡ್ ರೇನ್’ ಎಂಬ ಎರಡು ಭಾರದ ಅಂಶಗಳು ಒಟ್ಟಿಗೆ ಬಂದು ಬೀಳುತ್ತವೆ. ಗಾಳಿಗೆ ಕ್ಷಣಹೊತ್ತು ತಗ್ಗಿ ಮತ್ತೆ ಮಾಡಿಗೆ ಅಪ್ಪಳಿಸುವ ಮಳೆಯ ನಡೆ ಅದು. ಕನ್ನಡಕ್ಕೆ ತರಲು ಕುಳಿತವರಿಗೆ ಮೊದಲ ತೊಡಕೂ ಇಲ್ಲಿಯೇ. ನಮ್ಮ ‘ಮಳೆ’ ಎರಡು ಲಘುಗಳ ಪದ, ನಾಲಿಗೆಯಿಂದ ಹಾರಿಹೋಗುತ್ತದೆ. ‘ರೇನ್’ ಒಂದೇ ಉಸಿರಿನ ಗುರು, ಅದರ ನಕಾರದ ಗುಂಗು ಕಿವಿಯಲ್ಲಿ ಉಳಿಯುತ್ತದೆ.

ಆ ಗುಂಗು ಸಾಲುಗಳ ಒಳಗೆ ಪ್ರಾಸವಾಗಿ ಹರಿದಾಡುತ್ತದೆ. ತಾನು ಸಾಯಲಿದ್ದೇನೆಂದು ಮತ್ತೆ ನೆನಪಾಗುವಲ್ಲಿ ‘ಅಗೇನ್’ ಬರುತ್ತದೆ. ಹತ್ತನೆಯ ಸಾಲು ‘ರೇನ್’ ಎಂದು ಮುಗಿದರೆ, ಮುಂದಿನ ಸಾಲಿನ ಮೂರನೆಯ ಪದವೇ ‘ಪೇನ್’, ನೋವು. ತಾನು ಪ್ರೀತಿಸಿದ್ದ ಯಾರೂ ಈ ರಾತ್ರಿ ಸಾಯುತ್ತಿರದಿರಲಿ, ಎಚ್ಚರವಾಗಿ ಮಲಗಿರದಿರಲಿ ಎಂದು ಪ್ರಾರ್ಥಿಸುವಾಗ ‘ಡೈಯಿಂಗ್’, ‘ಲೈಯಿಂಗ್’ ಎಂಬ ಪದಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತು, ಸಾಯುವವನಿಗೂ ಮಲಗಿದವನಿಗೂ ಒಂದು ಅಕ್ಷರದ ಅಂತರವನ್ನಷ್ಟೇ ಉಳಿಸುತ್ತವೆ. ಅದೇ ಸಾಲಿನ ‘ಸ್ಟಿಲ್’ ಎಂದರೆ ‘ಇನ್ನೂ’; ನಾಲ್ಕು ಸಾಲು ಕಳೆದು, ಮುರಿದ ಜೊಂಡಿನ ಅಸಂಖ್ಯ ಕಡ್ಡಿಗಳು ಸೆಟೆದು ನಿಂತಿರುವಲ್ಲಿ, ಅದೇ ಪದಕ್ಕೆ ‘ನಿಶ್ಚಲ’ವೆಂಬ ಅರ್ಥ. ಇನ್ನೂ ಎಚ್ಚರವಾಗಿರುವವನ ಪದವೇ ಹೆಣದ ಪದವಾಗಿಬಿಡುತ್ತದೆ. ಯುದ್ಧ ಕಣ್ಣಿಗೆ ಕಾಣುವುದು ಆ ಜೊಂಡಿನಲ್ಲಿ.

‘ರೇನ್’ ಎಂಬ ಪದ ಒಟ್ಟು ಎಂಟು ಸಲ ಬರುತ್ತದೆ, ಆದರೆ ಬಂದ ಕಡೆಯೆಲ್ಲ ಅದರ ಕೆಲಸ ಬೇರೆ. ಮೊದಲ ಸಾಲಿನಲ್ಲಿ ಅದು ಇಡೀ ರಾತ್ರಿಯನ್ನು ತುಂಬುವ ಸದ್ದು. ನಾಲ್ಕನೆಯದರಲ್ಲಿ, ಸತ್ತ ಮೇಲೆ ಕೇಳಿಸಲಾರದ, ಕೃತಜ್ಞತೆ ಹೇಳಲಾಗದ ಉಪಕಾರಿ. ಏಳನೆಯದರಲ್ಲಿ, ಮಳೆ ಸುರಿಸಿಕೊಂಡ ಸತ್ತವರು ಧನ್ಯರು ಎಂಬ ಇಂಗ್ಲಿಷಿನ ಹಳೆಯ ನಾಣ್ನುಡಿ ಬಂದು, ನಾಮಪದವೂ ಕ್ರಿಯಾಪದವೂ ಒಂದೇ ಆಗಿ ‘ರೇನ್ ರೇನ್ಸ್’ ಎಂಬ ಜೋಡಿ ಪೆಟ್ಟಾಗುತ್ತದೆ. ಮಳೆ ಹೊಯ್ಯುತ್ತದೆ, ಸುರಿಯುತ್ತದೆ ಎನ್ನುವ ನಮಗೆ ಈ ಜೋಡಿ ಸಿಗುವುದಿಲ್ಲ. ಹತ್ತನೆಯ ಸಾಲಿನಲ್ಲಿ ಅದನ್ನು ಆಲಿಸುತ್ತಿರಬಹುದಾದವರು ಬೇರೆ ಯಾರೋ. ಹದಿನೈದನೆಯದರಲ್ಲಿ ಮೊದಲ ಸಾಲಿನ ‘ವೈಲ್ಡ್ ರೇನ್’ ಮರಳಿ ಬಂದಾಗ, ಮೈ ತೊಳೆಯುತ್ತಿದ್ದ ಆ ಮಳೆ ಸಾವಿನ ಮೇಲಿನ ಪ್ರೀತಿಯೊಂದನ್ನುಳಿದು ಮಿಕ್ಕೆಲ್ಲ ಪ್ರೀತಿಯನ್ನೂ ಕರಗಿಸಿ ಮುಗಿಸಿರುತ್ತದೆ.

ಆರನೆಯ ಸಾಲಿಗೆ ಪೂರ್ಣವಿರಾಮ ಹಾಕಿದ ಕವಿ ಉಳಿದ ಹನ್ನೆರಡು ಸಾಲುಗಳನ್ನು ಒಂದೇ ವಾಕ್ಯವಾಗಿ ಹರಿಯಬಿಡುತ್ತಾರೆ. ಕೊನೆಯ ಮೂರು ಸಾಲುಗಳಲ್ಲಿ ‘ರೇನ್’ ಇಲ್ಲವೇ ಇಲ್ಲ. ಹದಿನೇಳನೆಯ ಸಾಲು, ಪರಿಪೂರ್ಣವಾದದ್ದರ ಮೇಲಿನ ಈ ಸೆಳೆತವನ್ನು ಪ್ರೀತಿ ಎನ್ನಬಹುದಾದರೆ ಎಂದು ಅನುಮಾನಿಸುತ್ತಲೇ ಹೊರಟು, ‘ಆ್ಯಂಡ್’ ಎಂಬ ಸಣ್ಣ ಸಂಯೋಜಕದ ಮೇಲೆ ಮುಗಿಯುತ್ತದೆ. ಗಟ್ಟಿಯಾಗಿ ಓದುವಾಗ ನಾನು ಪ್ರತಿ ಸಲವೂ ಅಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ. ಕಾಲಿಟ್ಟ ಕಡೆ ಮೆಟ್ಟಿಲೇ ಇಲ್ಲದಂತಾಗುತ್ತದೆ. ಆಮೇಲೆ ಕೊನೆಯ ಸಾಲು ಐದು ಒತ್ತುಗಳ ಕ್ರಮಕ್ಕೆ ಹೊಂದಿಕೊಂಡು, ಯಾವ ಎಡವಟ್ಟೂ ಇಲ್ಲದೆ ನಡೆಯುತ್ತದೆ: ಅದು ನಿರಾಶೆಗೊಳಿಸಲಾರದು. ಆದರೆ ಈ ಭರವಸೆಯನ್ನು ಕವಿ ತನ್ನ ಮಾತಾಗಿ ಕೊಡುವುದಿಲ್ಲ. ಆ ಸಾಲಿನ ನಡುವೆ ಎರಡು ಅಲ್ಪವಿರಾಮಗಳ ಒಳಗೆ, ಹಾಗೆಂದು ಬಿರುಮಳೆಯೇ ನನಗೆ ಹೇಳುತ್ತಿದೆ ಎಂಬ ಮಾತನ್ನು ಸೇರಿಸಿದ್ದಾರೆ.