ಐದು ದದ್ದು ಎದ್ದರೆ ಐದು ಅಲರ್ಜಿಯೇ?

ನಮಸ್ಕಾರ. ರಾಜಾಜಿನಗರದ ವೀಕ್ಷಕರೊಬ್ಬರು ತಮ್ಮ ಅಲರ್ಜಿ ಪರೀಕ್ಷೆಯ ವರದಿಯನ್ನು ಕಳುಹಿಸಿ ಕೇಳಿದ್ದಾರೆ: "ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗಿನಲ್ಲಿ ನೀರು. ವರದಿಯಲ್ಲಿ ಎರಡು ಬಗೆಯ ಧೂಳುನುಸಿ, ಜಿರಳೆ, ಸಿಗಡಿ, ಪಾರ್ಥೇನಿಯಂ, ಐದೂ ಪಾಸಿಟಿವ್. ನನಗೆ ಐದು ಅಲರ್ಜಿಗಳಿವೆಯೇ?"

ಪರೀಕ್ಷೆಯ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಮುಂಗೈ ಮೇಲೆ ಒಂದೊಂದು ವಸ್ತುವಿನ ಸಾರದ ಹನಿಯಿಟ್ಟು, ಸೂಜಿಮೊನೆಯಿಂದ ಚುಚ್ಚಿ, 15ರಿಂದ 20 ನಿಮಿಷ ಕಾಯುತ್ತಾರೆ. ಬರೀ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡ ದದ್ದು ಎದ್ದರೆ ಪಾಸಿಟಿವ್. ಆ ವಸ್ತುವನ್ನು ಗುರುತಿಸುವ ಐಜಿಇ ಪ್ರತಿಕಾಯ, ಅಂದರೆ ಅಲರ್ಜಿಯಲ್ಲಿ ಪಾಲ್ಗೊಳ್ಳುವ ರಕ್ಷಣಾ ಪ್ರೋಟೀನು, ದೇಹದಲ್ಲಿದೆ ಎಂದಷ್ಟೇ ಅದರ ಅರ್ಥ; ಅಲರ್ಜಿಯೇ ಇದೆ ಎಂದಲ್ಲ.

ಈ ವರದಿಯಲ್ಲಿ ನನ್ನ ಕಣ್ಣು ನೆಟ್ಟಿದ್ದು ಸಿಗಡಿಯ ಮೇಲೆ. ಹಾಸಿಗೆಯ ನುಸಿ, ಅಡುಗೆಮನೆಯ ಜಿರಳೆ, ಸಮುದ್ರದ ಸಿಗಡಿ ಮೂರೂ ಸಂಧಿಪದಿಗಳು, ಅಂದರೆ ಕೀಲುಗಾಲಿನ ಜೀವಿಗಳ ಒಂದೇ ಬಳಗದವು. ಮೂರರ ಸ್ನಾಯುಗಳಲ್ಲಿಯೂ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದ್ದು, ಅದರ ರಚನೆ ಬಹುಪಾಲು ಒಂದೇ. ಮದುವೆಮನೆಯಲ್ಲಿ ಅಜ್ಜಿಯೊಬ್ಬರು ಪರಿಚಯವೇ ಇಲ್ಲದ ಹುಡುಗನ ಮೂಗು ನೋಡಿ, "ನೀನು ಪಟೇಲರ ಮನೆಯವನಲ್ಲವೇನೋ?" ಎಂದು ಕೇಳುವುದನ್ನು ನೀವೂ ಕಂಡಿರುತ್ತೀರಿ. ಅಜ್ಜಿ ಹಿಂದೆ ನೋಡಿದ್ದು ಹುಡುಗನನ್ನಲ್ಲ, ಅವನ ತಾತನನ್ನು. ನುಸಿಯ ಪ್ರೋಟೀನಿಗೆಂದು ಹುಟ್ಟಿದ ಪ್ರತಿಕಾಯವೂ ಹೀಗೆಯೇ ಸಿಗಡಿಯಲ್ಲಿ ಅದೇ ಚಹರೆಯನ್ನು ಕಂಡು ಹಿಡಿದುಕೊಳ್ಳಬಲ್ಲದು. ಧರ್ಮದ ಕಟ್ಟಳೆಯಿಂದ ಸಿಗಡಿಯನ್ನು ತಿನ್ನದ ಸಂಪ್ರದಾಯಸ್ಥ ಯೆಹೂದಿಗಳ ರಕ್ತದಲ್ಲಿಯೂ ಸಿಗಡಿಯ ಈ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಸಿಕ್ಕಿದೆ ಎಂಬುದನ್ನು ಮೊದಲು ಓದಿದಾಗ ನಾನು ಬೆರಗಾಗಿದ್ದೆ.

ಎರಡು ನುಸಿಗಳ ಮುಖ್ಯ ಅಲರ್ಜಿಕಾರಕ ಪ್ರೋಟೀನುಗಳೂ ಸುಮಾರು 80 ಪ್ರತಿಶತ ಒಂದೇ. ಆದ್ದರಿಂದ ಮೊದಲ ನಾಲ್ಕು ದದ್ದುಗಳ ಹಿಂದೆ ಒಂದೇ ಮೂಲವಿರಬಹುದು. ನಮ್ಮ ಖಾಲಿ ಸೈಟುಗಳಲ್ಲಿ ಎದೆಮಟ್ಟ ಬೆಳೆಯುವ ಪಾರ್ಥೇನಿಯಂ ಮಾತ್ರ ಬೇರೆ ಮನೆತನದ್ದು. ಅದಕ್ಕೆಂದೇ ದೇಹದಲ್ಲಿ ಬೇರೆ ಪ್ರತಿಕಾಯ ಹುಟ್ಟಿದೆ ಎಂಬುದು ಸರಿ, ಆದರೆ ಸೀನಿಗೂ ಅದೇ ಕಾರಣವೆಂದು ದದ್ದೊಂದರಿಂದಲೇ ಹೇಳಲಾಗದು. ವರ್ಷವಿಡೀ ಹಾಸಿಗೆಯಲ್ಲೇ ಸೀನು ಶುರುವಾಗುತ್ತಿದ್ದರೆ ಮೊದಲ ಅನುಮಾನ ನುಸಿಯ ಮೇಲೆ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ರಕ್ತಪರೀಕ್ಷೆಯಿಂದ ಈ ಗೊಂದಲವನ್ನು ಎಷ್ಟೋ ಬಿಡಿಸಬಹುದು. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇಗೆ ಅಲರ್ಜಿ ಒಂದೋ ಐದೋ ಎಂಬ ಭೇದವಿಲ್ಲ. ಅಲರ್ಜಿಕಾರಕವನ್ನೇ ಅಳತೆಮಾಡಿ ಕೊಡುತ್ತ ದೇಹವನ್ನು ಅದಕ್ಕೆ ಒಗ್ಗಿಸುವ, ಕನಿಷ್ಠ 3 ವರ್ಷ ನಡೆಯುವ ಇಮ್ಯುನೋಥೆರಪಿಗೆ ಮಾತ್ರ ನಿಜವಾದ ಕಾರಣ ತಿಳಿದಿರಲೇಬೇಕು; ಸೀನು ಬಂದ ದಿನ, ಹೊತ್ತು, ಜಾಗವನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸಿಗಡಿ ತಿಂದಾಗ ಈವರೆಗೆ ಏನೂ ಆಗದಿದ್ದರೆ ಈ ಒಂದು ದದ್ದಿಗೆ ಹೆದರಿ ಅದನ್ನು ಬಿಡಬೇಕಾಗಿಲ್ಲ. ತುಟಿ ಅಥವಾ ಗಂಟಲು ಕೆರೆದಿದ್ದರೆ, ವೈದ್ಯರನ್ನು ಕೇಳುವವರೆಗೆ ಮುಟ್ಟಬೇಡಿ.