ಮನುಷ್ಯರ ಬಗ್ಗೆ ಮಾತಾಡೂ ಇಂಗ್ಲಿಷ್ ಯಾವಾಗ ಕಲಿಸ್ತೀರಿ?

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ವಿಷಯ ಇಂಗ್ಲಿಷ್ ವ್ಯಾಕರಣ. ಹಂಗಂದ ಕೂಡ್ಲೇ ಬ್ಯಾರೆ ವಿಡಿಯೋಕ್ಕ ಹೋಗಬ್ಯಾಡ್ರಿ. ಇದು ನಮ್ಮ ಬಾಗಲಕೋಟಿ, ವಿಜಯಪುರ, ಬೆಳಗಾವಿ ಹುಡುಗ್ರ ನೌಕರಿ ವಿಷಯನೂ ಹೌದು, ಮರ್ಯಾದಿ ವಿಷಯನೂ ಹೌದು.

ಸಾಲ್ಯಾಗ ಪ್ರಿಪೊಸಿಷನ್ ಹೆಂಗ ಕಲಿಸ್ತಾರ? ‘ದ ಬುಕ್ ಈಸ್ ಆನ್ ದ ಟೇಬಲ್. ದ ಕ್ಯಾಟ್ ಈಸ್ ಅಂಡರ್ ದ ಚೇರ್.’ ಪುಸ್ತಕ, ಬೆಕ್ಕು, ಕುರ್ಚಿ. ವಸ್ತು ಎಲ್ಲೈತಿ ಅನ್ನೂದು ಕಲಿಸ್ತಾರ, ಬಿಟ್ಟ ಜಾಗಾ ತುಂಬಸ್ತಾರ, ಮಾರ್ಕ್ಸ್ ಕೊಡ್ತಾರ. ಆದ್ರ ಹುಡುಗಿ ನೌಕರಿಗೆ ನಿಂತ ದಿನದಿಂದ ಮಾತಾಡಬೇಕಾದ್ದು ಮನುಷ್ಯರ ಬಗ್ಗೆ. ಯಾರು ಯಾರಿಗೆ ಏನಂದ್ರು, ಯಾರು ಯಾರನ್ನ ನೋಡಕೊಂಡ್ರು, ಯಾರಿಗೆ ಯಾರ ಮ್ಯಾಲ ಸಿಟ್ಟು ಬಂತು. ಅದನ್ನ ಯಾರೂ ಕೂಡಿಸಿಕೊಂಡು ಕಲಿಸಿರೂದಿಲ್ಲ.

ನಾನು ನವನಗರದಾಗ ನರ್ಸಿಂಗ್ ಓದೂ ಹುಡುಗ್ಯಾರಿಗೆ ಸಂಜಿ ಮುಂದ ಇಂಗ್ಲಿಷ್ ಹೇಳಿಕೊಡ್ತೀನಿ. ಡ್ಯೂಟಿ ಬದಲಾಗೂವಾಗ ಒಬ್ಬ ನರ್ಸ್ ಇನ್ನೊಬ್ಬಾಕಿಗೆ ಪೇಶೆಂಟ್ ಸ್ಥಿತಿ ಹೇಳಿ ಹೋಗಬೇಕಲ್ಲ, ಹ್ಯಾಂಡೋವರ್ ಅಂತಾರ, ಅದನ್ನ ರೂಢಿ ಮಾಡಸ್ತಿದ್ದೆ. ಬೀಳಗಿ ಕಡೆ ಹುಡುಗಿ ಒಬ್ಬಾಕಿ ಎದ್ದು ನಿಂತು ಹೇಳಿದ್ಲು: ‘ಪೇಶೆಂಟ್ ಈಸ್ ಟೆಲ್ಲಿಂಗ್ ಚೆಸ್ಟ್ ಪೇನ್. ಐ ಇನ್ಫಾರ್ಮ್ಡ್ ಟು ಡಾಕ್ಟರ್. ಹಿಸ್ ಸನ್ ಈಸ್ ಸೀಯಿಂಗ್ ಹಿಮ್. ಸನ್ ಈಸ್ ಆಂಗ್ರಿ ಆನ್ ಅಸ್.’

ಈ ನಾಕ ಮಾತ ಸಾವಕಾಶ ನೋಡ್ರಿ. ಆಕಿ ಮನಸಿನ್ಯಾಗ ಇದ್ದ ಕನ್ನಡ ಏನು? ‘ಎದಿನೋವು ಅಂತ ಹೇಳಾಕತ್ತಾರ. ಡಾಕ್ಟರ್‌ಗೆ ತಿಳಿಸೀನಿ. ಮಗ ನೋಡಕೊಳ್ಳಾಕತ್ತಾನ. ಮಗ ನಮ್ಮ ಮ್ಯಾಲ ಸಿಟ್ಟಾಗ್ಯಾನ.’ ಕನ್ನಡ ಒಂದೂ ತಪ್ಪಿಲ್ಲ. ಡಾಕ್ಟರ್‌ಗೆ ಅನ್ನೂದರಾಗಿನ ‘ಗೆ’ ಹೋಗಿ ‘ಟು’ ಆತು. ‘ಮ್ಯಾಲ’ ಹೋಗಿ ‘ಆನ್’ ಆತು. ಆದ್ರ ಇಂಗ್ಲಿಷ್‌ನ್ಯಾಗ ‘ಇನ್ಫಾರ್ಮ್’ ಆದ ಮ್ಯಾಲ ಮನುಷ್ಯ ನೇರ ಬರ್ತಾನ: ‘ಐ ಇನ್ಫಾರ್ಮ್ಡ್ ದ ಡಾಕ್ಟರ್’. ನೋವಿಗೆ ‘ಕಂಪ್ಲೇನಿಂಗ್ ಆಫ್ ಚೆಸ್ಟ್ ಪೇನ್’. ಸಿಟ್ಟು ಮನುಷ್ಯರ ಮ್ಯಾಲಿದ್ರ ‘ಆಂಗ್ರಿ ವಿತ್’.

ಆದ್ರ ನನಗ ದೊಡ್ಡದಾಗಿ ಕಂಡದ್ದು ಮೂರನೇ ಮಾತು. ನಮ್ಮಲ್ಲಿ ‘ನೋಡು’ ಬ್ಯಾರೆ, ‘ನೋಡಕೊಳ್ಳು’ ಬ್ಯಾರೆ. ಆ ‘ಕೊಳ್ಳು’ ಮಾಡೂ ಕೆಲಸ ಇಂಗ್ಲಿಷ್‌ನ್ಯಾಗ ‘ಆಫ್ಟರ್’ ಮಾಡತೈತಿ: ‘ಲುಕಿಂಗ್ ಆಫ್ಟರ್ ಹಿಮ್’. ‘ಸೀಯಿಂಗ್ ಹಿಮ್’ ಅಂದ್ರ ಕೇಳಿದವರು ಮಗ ಭೇಟಿಗೆ ಬಂದು ಹೋಗತಾನ ಅಂತ ತಿಳಕೋತಾರ. ರಾತ್ರಿ ಪೇಶೆಂಟ್ ಹಂತ್ಯಾಕ ಯಾರು ಇರ್ತಾರ ಅನ್ನೂ ಮಾಹಿತಿನೇ ಕಳದು ಹೋತು. ಇಡೀ ದಿನ ಅಷ್ಟ ಚಲೋ ಕೆಲಸ ಮಾಡಿದ ಹುಡುಗಿ, ಒಂದು ಸಣ್ಣ ಪದದ ಸಲುವಾಗಿ ಏನೂ ಬರದಾಕಿ ಅನ್ನಿಸಿಕೊಳ್ಳೂದು ನನಗ ಸಹಿಸಾಕಾಗೂದಿಲ್ಲ.

ಬೆಳಗಾವಿ ಕಡೆ ಇದು ಇನ್ನೂ ಗಟ್ಟಿ ಬೇರು ಬಿಟ್ಟೈತಿ. ಅಲ್ಲಿ ಕನ್ನಡ ಹುಡುಗರು ‘ಅವನ ಮ್ಯಾಲ ಸಿಟ್ಟು’ ಅಂತಾರ, ಮರಾಠಿ ಹುಡುಗರು ‘ತ್ಯಾಚ್ಯಾವರ್ ರಾಗ್’ ಅಂತಾರ, ಉರ್ದು ಮನೆಯವರು ‘ಉಸ್ ಪರ್ ಗುಸ್ಸಾ’ ಅಂತಾರ. ವರ್, ಪರ್, ಮ್ಯಾಲ, ಮೂರೂ ಒಂದ. ಒಂದ ಬೆಂಚಿನ್ಯಾಗ ಕುಂತ ಮೂರೂ ಹುಡುಗ್ರ ಮನೀಮಾತಿನ್ಯಾಗ ಸಿಟ್ಟು ಮ್ಯಾಲಿಂದ ಬಂದು ಕುಂದರತೈತಿ. ಹಿಂಗಿದ್ದ ಮ್ಯಾಲ ‘ಆಂಗ್ರಿ ಆನ್’ ಬರದ ಇರೂದು ಹೆಂಗ? ‘ಆಸ್ಕ್ಡ್ ಟು ಹಿಮ್’ ಅನ್ನೂದೂ ಹಂಗ. ಮೈಸೂರು ಕಡೆ ‘ಅವರನ್ನ ಕೇಳ್ದೆ’ ಅನ್ನೂ ರೂಢಿ ಐತಿ, ಅದು ಇಂಗ್ಲಿಷ್ ‘ಆಸ್ಕ್ಡ್ ಹಿಮ್’ಗೆ ನೇರ ಕೂಡತೈತಿ. ನಾವು ‘ಅವರಿಗೆ ಕೇಳಿದೆ’ ಅಂತೀವಿ, ‘ಗೆ’ ಅಂಟಿಕೊಂಡ ಬರತೈತಿ.

ಇಂಗ್ಲಿಷಿಗೂ ಒಂದು ಕಾಲಕ್ಕ ನಮ್ಮಂಗ ವಿಭಕ್ತಿ ಪ್ರತ್ಯಯ ಇದ್ದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನ್ಯಾಗ ನಾಮಪದದ ಕೊನೀ ಬದಲಾಗತಿತ್ತು. 1100ರಿಂದ 1400ರ ಒಳಗ ಅವು ಬಹುತೇಕ ಸವದು ಹೋದವು, ಆ ಕೆಲಸ ಪ್ರಿಪೊಸಿಷನ್ನಿಗೆ ಬಿತ್ತು. ‘ಹಿಮ್’, ‘ಹೂಮ್’ ಅಂತೀವಲ್ಲ, ಅವು ಹಳೇ ಚತುರ್ಥಿ ರೂಪಗಳು, ಅಂದ್ರ ನಮ್ಮ ‘ಅವಗ’, ‘ಯಾರಿಗೆ’. ಕನ್ನಡ ಪಿರಿಯಡ್‌ನ್ಯಾಗ ವಿಭಕ್ತಿ ಬಾಯಿಪಾಠ ಮಾಡಿದ ಹುಡುಗ್ರಿಗೆ ಇಂಗ್ಲಿಷ್ ಪಿರಿಯಡ್‌ನ್ಯಾಗ ಈ ಸಂಬಂಧ ಯಾಕ ಹೇಳಬಾರದು? ಎಷ್ಟೋ ಕಡೆ ಇಂಗ್ಲಿಷ್ ತಾಸಿನ್ಯಾಗ ಕನ್ನಡ ಆಡಿದ್ರ ದಂಡ ಹಾಕ್ತಾರ. ಹುಡುಗನ ಹಂತ್ಯಾಕ ಇರೂ ಆಸ್ತಿನೇ ಕಸಗೊಂಡು ಹೊಸದು ಗಳಸು ಅಂದಂಗ ಅದು.

ಆಸ್ತಿ ಅಂದೆ, ಸುಮ್ಮನ ಅಂದಿಲ್ಲ. ‘ಒದರು’ ತಗೋರಿ. ದೂರ ಹೊಲದಾಗ ಇದ್ದ ಅಪ್ಪನ್ನ ಊಟಕ್ಕ ಕರೀಬೇಕು, ‘ಅಪ್ಪಗ ಒದರು’ ಅಂತೀವಿ. ಸಾಹೇಬ್ರು ಸಿಟ್ಟಿನ್ಯಾಗ ‘ನನ್ನ ಮ್ಯಾಲ ಒದರಿದ್ರು’ ಅಂತೀವಿ. ಎರಡರ ನಡುವಿನ ಅಂತರ ಆರು ವರ್ಷದ ಕೂಸಿಗೂ ಗೊತ್ತು. ಮೊದಲನೇದು ‘ಶೌಟ್ ಟು’, ಎರಡನೇದು ‘ಶೌಟ್ ಆ್ಯಟ್’. ‘ಟು’ ಅಂದ್ರ ಮಾತು ಮುಟ್ಟಲಿ ಅಂತ, ‘ಆ್ಯಟ್’ ಅಂದ್ರ ತಾಗಲಿ ಅಂತ. ‘ಥ್ರೋ’ಕ್ಕೂ ಅದ. ಹಿಡಕೊಳ್ಳಲಿ ಅಂತ ಚೆಂಡು ಒಗದ್ರ ‘ಥ್ರೋ ಟು’, ಪೆಟ್ಟಾಗಲಿ ಅಂತ ಕಲ್ಲು ಒಗದ್ರ ‘ಥ್ರೋ ಆ್ಯಟ್’. ‘ಲಾಫ್ ವಿತ್’ ಅಂದ್ರ ಜೋಡಿ ಕುಂತು ನಗೂದು, ‘ಲಾಫ್ ಆ್ಯಟ್’ ಅಂದ್ರ ಒಬ್ಬರನ್ನ ಗುರಿ ಮಾಡಿ ನಗೂದು. ಒದರೂದ್ರಿಂದ ಶುರು ಮಾಡಿದ್ರ ಹುಡುಗ್ರು ಉಳಿದದ್ದು ತಾವ ಹೇಳ್ತಾರ.

ಮದುವಿ ವಿಷಯದಾಗೂ ಹಂಗ. ‘ಅವನ ಜೋಡಿ ಲಗ್ನ ಆತು’ ಅನ್ನೂದರಿಂದ ‘ಮ್ಯಾರೀಡ್ ವಿತ್’ ಹುಟ್ಟತೈತಿ. ಆದ್ರ ನಮ್ಮಲ್ಲೇ ಇನ್ನೊಂದು ಮಾತೈತಿ. ‘ಮಗಳನ್ನ ಯಾರಿಗೆ ಕೊಟ್ಟೀರಿ?’ ‘ಜಮಖಂಡ್ಯಾಗ ಅಕ್ಕನ ಮಗಗ ಕೊಟ್ಟೀವ್ರಿ.’ ಆ ‘ಗ’ ಹಿಡಕೊಂಡ್ರ ‘ಮ್ಯಾರೀಡ್ ಟು’ ನೆನಪಿನ್ಯಾಗ ಕುಂದರತೈತಿ. ಹೆಣ್ಣನ್ನ ಕೊಡೂದು, ತರೂದು ಅನ್ನೂ ಮಾತು ನನಗ ಒಪ್ಪಿಗಿ ಇಲ್ಲ, ಇದನ್ನೂ ತರಗತ್ಯಾಗ ಹೇಳೇ ಮುಂದ ಹೋಗ್ತೀನಿ. ಇಂಗ್ಲಿಷ್‌ನ್ಯಾಗ ಆ ‘ಟು’ ಗಂಡು ಹೆಣ್ಣು ಇಬ್ಬರಿಗೂ ಒಂದ: ‘ಹಿ ಈಸ್ ಮ್ಯಾರೀಡ್ ಟು ಹರ್’ ಅಂತನೂ ಅಂತಾರ. ‘ಶಿ ಮ್ಯಾರೀಡ್ ಹಿಮ್’ ಅಂದ್ರ ನಡುವ ಏನೂ ಬ್ಯಾಡ.

‘ಅರ್ಥ ಆದ್ರ ಸಾಕಲ್ರಿ ಸರ್, ಆಂಗ್ರಿ ಆನ್ ಅಂದ್ರ ಏನಾಗತೈತಿ?’ ಅಂತ ಕೇಳ್ತಾರ. ನ್ಯಾಯವಾದ ಪ್ರಶ್ನೆ. ‘ಆಂಗ್ರಿ ಆನ್’, ‘ಡಿಸ್ಕಸ್ ಅಬೌಟ್’, ‘ಮ್ಯಾರೀಡ್ ವಿತ್’, ಇವುಗಳಿಂದ ಅರ್ಥ ಕೆಡೂದಿಲ್ಲ. ಇವನ್ನ ಹಿಡಕೊಂಡು ಹುಡುಗ್ರನ್ನ ಎದ್ದು ನಿಂದ್ರಿಸಿ ಮಾನ ತಗಿಯೂ ಮಾಸ್ತರ ಮ್ಯಾಲ ನನಗ ಸಿಟ್ಟೈತಿ. ಸಾವಕಾಶ ತಿದ್ದಿದ್ರ ಆತು. ಅರ್ಥ ತಿರುಗಿಸೂವು ಬ್ಯಾರೆ ಅದಾವ. ‘ಐ ಹರ್ಡ್ ಫ್ರಮ್ ಯುವರ್ ಬ್ರದರ್’ ಅಂದ್ರ ನಿಮ್ಮಣ್ಣ ತಾನ ಸುದ್ದಿ ಮುಟ್ಟಿಸ್ಯಾನ, ‘ಹರ್ಡ್ ಅಬೌಟ್’ ಅಂದ್ರ ಅವನ ಸುದ್ದಿ ಮತ್ತೊಬ್ಬರು ಹೇಳ್ಯಾರ. ‘ಲುಕ್ ಅಪ್ ಟು’ ಅಂದ್ರ ಗೌರವ, ‘ಲುಕ್ ಡೌನ್ ಆನ್’ ಅಂದ್ರ ಹೀನಾಯ. ಇಂಟರ್‌ವ್ಯೂದಾಗ ತಂದಿ ಬಗ್ಗೆ ಹೇಳೂವಾಗ ಇವು ಅದಲು ಬದಲು ಆಗಬಾರದು.

ಸಾಲಿ ಮಾಸ್ತರು, ಟೀಚರ್‌ಗಳಿಗೆ ನನ್ನ ವಿನಂತಿ ಇಷ್ಟ. ಕ್ರಿಯಾಪದ ಬಿಡಿಯಾಗಿ, ಪ್ರಿಪೊಸಿಷನ್ ಬಿಡಿಯಾಗಿ ಪಟ್ಟಿ ಬರಸಬ್ಯಾಡ್ರಿ. ‘ಲುಕ್ ಆಫ್ಟರ್’ ಒಂದ ಪದ ಅಂತ ಬರಸ್ರಿ, ಮುಂದ ಮನುಷ್ಯನ್ನ ನಿಂದ್ರಸ್ರಿ: ಅವ್ವ, ಕಾಕಾ, ಓಣಿ ಅಜ್ಜಿ. ಬೋರ್ಡಿನ ಎಡಕ್ಕ ಮನೀ ಮಾತು, ಬಲಕ್ಕ ಇಂಗ್ಲಿಷ್. ಹತ್ತನೇತ್ತ ಪರೀಕ್ಷಾ ಪತ್ರಿಕಿ ತಯಾರು ಮಾಡೂವರೂ ಈ ಸರ್ತಿ ಬೆಕ್ಕು, ಕುರ್ಚಿ ಬಿಟ್ಟು ‘ಮೈ ಗ್ರ್ಯಾಂಡ್‌ಮದರ್ ಈಸ್ ಕಂಪ್ಲೇನಿಂಗ್’ ಅಂತ ಬರದು, ಮುಂದ ಒಂದು ಗೆರಿ ಎಳದು, ‘ನೀ ಪೇನ್’ ಅಂತ ಕೇಳಿ ನೋಡ್ರಿ.